ಎಳೆಯ ಆಟಗಾರರ ಬೆನ್ನುನೋವು: ಕತ್ತಿಗೆ ಮೊದಲು ತಾಳ್ಮೆ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಮಕ್ಕಳ ಓದು, ಮನೆಮಾತಿನ ಉಳಿವು, ಪರೀಕ್ಷೆಯ ಭಯ ಮುಂತಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಮಕ್ಕಳ ಬೆನ್ನನ್ನು ಕುರಿತು ಬರೆಯಬೇಕಾಗಿದೆ. ವೈದ್ಯರಲ್ಲದ ನಾವು ವೈದ್ಯದ ಮಾತಿಗೆ ಏಕೆ ಕೈಹಾಕಿದೆವೆಂದು ಕೆಲವರು ಕೇಳಬಹುದು. ನಮ್ಮ ಶಾಲೆಯ ಹುಡುಗನೊಬ್ಬನಿಗೆ ನಮ್ಮ ಅಜ್ಞಾನದಿಂದಲೇ ತೊಂದರೆ ಹೆಚ್ಚಾಯಿತು. ಆ ಬಳಿಕ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮಲ್ಲಿಯೇ ಇಟ್ಟುಕೊಂಡರೆ ಅದು ಎರಡನೆಯ ತಪ್ಪಾದೀತು. ಆದುದರಿಂದ ಈ ಬರಹ.

ಕಂಬದ ಕಣಿವೆಯ ಊರುಗಳಲ್ಲಿ ಸಂಜೆಯಾದರೆ ಸಡುಗುಡುವಿನ ಕೂಗು ಕೇಳದ ಬೀದಿಯಿಲ್ಲ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು ಮಲೆಯಾಚೆಯ ನೀರು ಈ ಕಡೆಗೆ ಹರಿದ ಮೇಲೆ ಬತ್ತ, ಬಾಳೆ, ದ್ರಾಕ್ಷಿ ಇಲ್ಲಿಯ ಬದುಕಾದವು. ನಮ್ಮವರ ಮನೆಯ ಹುಡುಗರು ಬೆಳಗ್ಗೆ ತೋಟದಲ್ಲಿ ಬಾಳೆಗೊನೆ ಹೊರುತ್ತಾರೆ. ಹಗಲೆಲ್ಲ ಶಾಲೆಯ ಬೆಂಚಿನ ಮೇಲೆ ಬಾಗಿ ಕುಳಿತಿರುತ್ತಾರೆ. ಸಂಜೆ ಮೈದಾನದಲ್ಲಿ ಬಿದ್ದು ಏಳುತ್ತಾರೆ. ನಮಗೆ ಇವು ದುಡಿಮೆ, ಓದು, ಆಟವೆಂಬ ಮೂರು ಬೇರೆ ಬೇರೆ ಸಂಗತಿಗಳು. ಬೆನ್ನಿಗಾದರೋ ಮೂರೂ ಒಂದೇ ಹೊರೆ.

ನಾವು ಹೇಳುತ್ತಿರುವ ಹುಡುಗ ಹತ್ತನೆಯ ತರಗತಿಯವನು, ಹದಿನಾರು ವರುಷದವನು. ದಾಳಿಗೆ ಹೋದರೆ ಬರಿಗೈಯಲ್ಲಿ ಮರಳುತ್ತಿರಲಿಲ್ಲ. ಆಟದಿಂದ ಕಾಲೇಜಿನಲ್ಲೊಂದು ಸ್ಥಾನ, ಮುಂದೆ ಪೊಲೀಸಿನಲ್ಲೋ ರೈಲ್ವೆಯಲ್ಲೋ ಒಂದು ಕೆಲಸ ಸಿಕ್ಕೀತೆಂದು ಅವನ ತಂದೆ ಆಸೆಯಿಟ್ಟುಕೊಂಡಿದ್ದರು. ವಲಯ ಮಟ್ಟದ ಪಂದ್ಯಕ್ಕೆ ಹತ್ತು ದಿನವಿರುವಾಗ ಅವನು ನಮ್ಮ ಬಳಿಗೆ ಬಂದು, “ಸಾರ್, ಸೊಂಟದಿಂದ ಕಾಲಿನವರೆಗೆ ಏನೋ ಎಳೆಯುತ್ತದೆ, ಕೆಮ್ಮಿದರೆ ಮಿಂಚು ಹೊಡೆದಂತಾಗುತ್ತದೆ” ಎಂದನು. ನಾವು ಮೇಜಿನ ಖಾನೆಯಿಂದ ನೋವಿನ ಮುಲಾಮು ತೆಗೆದುಕೊಟ್ಟು, “ಪಂದ್ಯವೊಂದು ಮುಗಿಯಲಪ್ಪ, ಆಮೇಲೆ ನೋಡೋಣ” ಎಂದೆವು. ಶಾಲೆಗೆ ಗೆಲುವು ಬಂದಿತು. ಮರುದಿನ ಬೆಳಗ್ಗೆ ಹುಡುಗನು ಹಾಸಿಗೆಯಿಂದ ಏಳಲಾರದೆ ಹೋದನು. ಬಲಗಾಲಿನ ಹೊರಬದಿ ಮರಗಟ್ಟಿತ್ತು.

ಮೊದಲು ಎಲುಬು ಕಟ್ಟುವವನೊಬ್ಬನ ಬಳಿಗೆ ಕರೆದೊಯ್ದು ಸೊಂಟ ತಿರುವಿಸಿದರು, ನೋವು ಇಮ್ಮಡಿಯಾಯಿತು. ಬಳಿಕ ಒಂದು ಕಡೆ ಸ್ಕ್ಯಾನ್ ತೆಗೆಸಿದರು. “ಡಿಸ್ಕ್ ಹೊರಬಂದಿದೆ, ವಾರದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು” ಎಂಬ ಮಾತು ಬಂದಿತು. ಅಂದು ರಾತ್ರಿ ಹುಡುಗನ ತಂದೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತರು. “ವಾದ್ಯಾರೇ, ಕತ್ತಿ ಹಾಕದಿದ್ದರೆ ಕಾಲೇ ಹೋಗುತ್ತದಂತೆ. ತೋಟವನ್ನು ಒತ್ತೆ ಇಡೋಣವೆಂದಿದ್ದೇನೆ. ನೀವು ಏನು ಹೇಳುತ್ತೀರಿ?” ಎಂದರು. ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಮೂವತ್ತು ವರುಷಗಳ ಹಿಂದೆ ಶಿಕ್ಷಕ ತರಬೇತಿಯಲ್ಲಿ ಮೂಳೆಗಳ ಹೆಸರನ್ನು ಬಾಯಿಪಾಠ ಮಾಡಿದ್ದೆವು. ಆ ಮೂಳೆಗಳ ನಡುವೆ ಏನಿದೆ ಎಂಬುದನ್ನು ಕೇಳಿರಲೇ ಇಲ್ಲ. “ಇನ್ನೊಬ್ಬ ವೈದ್ಯರನ್ನು ಕೇಳದೆ ಪತ್ರಕ್ಕೆ ಸಹಿ ಹಾಕಬೇಡಿರಿ” ಎಂದಷ್ಟೇ ಹೇಳಿ, ಮರುದಿನ ನಾವೂ ಜೊತೆಯಲ್ಲಿ ಸರಕಾರಿ ಆಸ್ಪತ್ರೆಯ ಮೂಳೆ ತಜ್ಞರಲ್ಲಿಗೆ ಹೋದೆವು.

ಆ ವೈದ್ಯರು ಚಿತ್ರವನ್ನು ಬದಿಗಿಟ್ಟು ಮೊದಲು ಹುಡುಗನನ್ನು ನೋಡಿದರು. ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಮೇಲೆತ್ತಿದರು. ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಪಾದದ ಮೇಲೆ ಮೊನೆ ತಾಗಿಸಿ, ತಿಳಿಯುತ್ತದೆಯೇ ಎಂದು ಕೇಳಿದರು. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ತೊಡೆಸಂದಿಯಲ್ಲಿ ಸ್ಪರ್ಶವಿದೆಯೇ, ಜ್ವರವಿದೆಯೇ ಎಂದು ವಿಚಾರಿಸಿದರು. ಕೊನೆಗೆ, “ಕಾಲಿನ ಬಲ ಹೋಗಿಲ್ಲ. ಅವಸರವಿಲ್ಲ. ಆರು ವಾರ ನನ್ನ ಮಾತು ಕೇಳುತ್ತೀಯೇನಪ್ಪ?” ಎಂದು ಹುಡುಗನನ್ನೇ ಕೇಳಿದರು. ಅವರು ಅಂದು ಕಾಗದದ ಮೇಲೆ ಬರೆದು ತೋರಿಸಿದ್ದನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಬೆನ್ನೆಲುಬಿನಲ್ಲಿ ಕತ್ತಿಗೆ 7, ಬೆನ್ನಿಗೆ 12, ಸೊಂಟಕ್ಕೆ 5, ಹೀಗೆ ಅಲುಗಾಡುವ ಮಣಿಗಳು 24. ಅದರ ಕೆಳಗಿನವು ಕೂಡಿಕೊಂಡ ಮೂಳೆಗಳು. ಮಣಿ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಇವೇ ಡಿಸ್ಕುಗಳು, ಒಟ್ಟು 23. ಪ್ರತಿಯೊಂದು ಬಿಲ್ಲೆಗೂ ಹೊರಗಡೆ ಗಟ್ಟಿಯಾದ ನಾರಿನ ಬಳೆ, ಒಳಗೆ ನೀರು ತುಂಬಿದ ಲೋಳೆಯಂತಹ ತಿರುಳು. ಬಾಗಿ, ತಿರುಗಿ, ಭಾರವೆತ್ತಿದಾಗ ತಿರುಳು ಹಿಂದಕ್ಕೆ ಒತ್ತುತ್ತದೆ. ನಾರು ಹರಿದರೆ ತಿರುಳು ಹೊರಗಿಣುಕಿ, ಪಕ್ಕದಲ್ಲೇ ಹೊರಡುವ ನರದ ಬೇರನ್ನು ಕೆರಳಿಸುತ್ತದೆ. ನರ ಕಾಲಿಗೆ ಹೋಗುವುದರಿಂದ ನೋವೂ ಕಾಲಿಗೆ ಹೋಗುತ್ತದೆ. ಬಿಲ್ಲೆ ಜಾರಿತು ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವಾದರೂ ಬಿಲ್ಲೆ ಇದ್ದಲ್ಲಿಯೇ ಇರುತ್ತದೆ. ಹೊರಬರುವುದು ತಿರುಳಿನ ಒಂದಂಶ. ಸೊಂಟದ ಕೊನೆಯ ಎರಡು ಬಿಲ್ಲೆಗಳಲ್ಲಿಯೇ ಇದು ಹೆಚ್ಚು.

ಕಾಲಿಗಿಳಿಯುವ ಈ ನೋವನ್ನು ನಮ್ಮ ಹಿರಿಯರು ಅರಿಯದವರಲ್ಲ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ; ಗೃಧ್ರವೆಂದರೆ ಹದ್ದು, ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುವುದರಿಂದ ಆ ಹೆಸರು. ಆದರೆ ಬಿಲ್ಲೆಯೇ ಇದಕ್ಕೆ ಮುಖ್ಯ ಕಾರಣವೆಂದು ಜಗತ್ತಿಗೆ ತಿಳಿದದ್ದು 1934ರಲ್ಲಿ, ಅಮೆರಿಕದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರ ಲೇಖನದಿಂದ. ಅಂದಿನಿಂದ, ಹೊರಬಂದದ್ದನ್ನು ಕತ್ತರಿಸಿ ತೆಗೆಯಬೇಕೆಂಬ ಭಾವನೆ ಬಲವಾಗಿ ಬೇರೂರಿತು. ನೆಗಡಿ ಬಂದರೆ ಮೂಗು ಕೊಯ್ಯುವುದುಂಟೇ ಎಂದು ಕೇಳುವ ನಾವು ಬೆನ್ನಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ಮರೆತೆವು.

ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದವರು ನಾರ್ವೆ ದೇಶದ ವೈದ್ಯ ಹೆನ್ರಿಕ್ ವೇಬರ್. ಕತ್ತಿ ಬೇಕೋ ಬೇಡವೋ ಎಂದು ನಿಶ್ಚಯಿಸಲಾಗದ 126 ಮಂದಿ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಶಸ್ತ್ರಚಿಕಿತ್ಸೆ, ಇನ್ನೊಂದು ಪಾಲಿಗೆ ಅದಿಲ್ಲದ ಆರೈಕೆ ನಡೆಸಿ, ಹತ್ತು ವರುಷಗಳ ಫಲವನ್ನು 1983ರಲ್ಲಿ ಪ್ರಕಟಿಸಿದರು. ಒಂದು ವರುಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರು ಮುಂದಿದ್ದರು. ನಾಲ್ಕು ವರುಷ ಕಳೆಯುವಷ್ಟರಲ್ಲಿ ಎಣಿಸಬಹುದಾದ ಅಂತರ ಉಳಿಯಲಿಲ್ಲ. ಹತ್ತು ವರುಷಕ್ಕೂ ಹಾಗೆಯೇ. ಎಂದರೆ ಕತ್ತಿಯು ನೋವನ್ನು ಬೇಗ ಇಳಿಸಬಲ್ಲದು. ಆದರೆ ಅದಿಲ್ಲದೆ ಗುಣವೇ ಇಲ್ಲವೆಂಬುದು ಸುಳ್ಳು.

ಆಟಗಾರರ ವಿಷಯದಲ್ಲಿಯೂ ಲೆಕ್ಕ ಹೀಗೆಯೇ ಇದೆ. ಅಮೆರಿಕದಲ್ಲಿ ಸೊಂಟದ ಡಿಸ್ಕ್ ತೊಂದರೆಯಾದ 342 ಮಂದಿ ವೃತ್ತಿ ಆಟಗಾರರ ದಾಖಲೆಗಳನ್ನು ಕೂಡಿಹಾಕಿ 2011ರಲ್ಲಿ ಪ್ರಕಟಿಸಿದರು. ನೂರಕ್ಕೆ 82 ಮಂದಿ ಆಟಕ್ಕೆ ಮರಳಿದ್ದರು. ಕತ್ತಿ ಕಂಡವರಿಗೂ ಕಾಣದವರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ.

ಕತ್ತರಿಸದಿದ್ದರೆ ಹೊರಬಂದ ತಿರುಳು ಎಲ್ಲಿಗೆ ಹೋಗುತ್ತದೆ? ಇದನ್ನೇ ಹುಡುಗನ ತಂದೆಯೂ ಕೇಳಿದರು. ಉತ್ತರ ನಮ್ಮನ್ನು ಬೆರಗುಗೊಳಿಸಿತು. ತನ್ನ ಜಾಗ ಬಿಟ್ಟು ಹೊರಬಂದ ತಿರುಳನ್ನು ದೇಹವು ಪರಕೀಯ ವಸ್ತುವೆಂದು ಬಗೆದು, ರಕ್ತದಿಂದ ಬರುವ ಭಕ್ಷಕ ಕಣಗಳ ಮೂಲಕ ಅದನ್ನು ಸ್ವಲ್ಪ ಸ್ವಲ್ಪವಾಗಿ ಅರಗಿಸಿಬಿಡುತ್ತದೆ. ಚಿತ್ರದಲ್ಲಿ ಭಯಂಕರವಾಗಿ ಕಾಣುವ ದೊಡ್ಡ ತುಂಡುಗಳೇ ಅನೇಕ ವೇಳೆ ಹೆಚ್ಚಾಗಿ ಕರಗುವುದೂ ಉಂಟು. ಇದಕ್ಕೆ ವಾರಗಳಲ್ಲ, ಕೆಲವು ತಿಂಗಳುಗಳು ಬೇಕು.

ಚಿತ್ರವನ್ನು ಕಂಡೇ ಹೆದರಬಾರದೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 98 ಮಂದಿಗೆ ಎಂ.ಆರ್.ಐ. ಚಿತ್ರ ತೆಗೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಬಿಲ್ಲೆ ಉಬ್ಬಿತ್ತು. ಆದುದರಿಂದ ಕಾಲಿನ ಲಕ್ಷಣ ಮತ್ತು ಚಿತ್ರ ಎರಡೂ ಒಂದೇ ನರವನ್ನು ತೋರಿಸಿದರೆ ಮಾತ್ರ ಆ ಚಿತ್ರಕ್ಕೆ ಬೆಲೆ.

ಇನ್ನು ಚಿಕಿತ್ಸೆಯ ಕ್ರಮ. ಮೊದಲನೆಯದಾಗಿ, ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವ ಕಾಲ ಹೋಯಿತು. ನಮ್ಮ ಸೋದರಮಾವನವರು ನಾವು ಚಿಕ್ಕವರಿದ್ದಾಗ ಕಾಲಿಗೆ ತೂಕ ಕಟ್ಟಿಕೊಂಡು ತಿಂಗಳು ಪೂರ್ತಿ ಹಾಗೆ ಮಲಗಿದ್ದನ್ನು ಕಂಡಿದ್ದೇವೆ. ಎದ್ದಾಗ ಅವರ ತೊಡೆ ಒಣಗಿಹೋಗಿತ್ತು. 1999ರಲ್ಲಿ ನೆದರ್‌ಲೆಂಡ್ಸಿನಲ್ಲಿ 183 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಎರಡು ವಾರ ಮಲಗಿದವರಿಗೂ ಮಲಗದೆ ಓಡಾಡಿಕೊಂಡಿದ್ದವರಿಗೂ ಗುಣದಲ್ಲಿ ಭೇದ ಕಾಣಲಿಲ್ಲ. ತೀವ್ರ ನೋವಿನ ಒಂದೆರಡು ದಿನ ಮಲಗಬಹುದು. ಆಮೇಲೆ ಸ್ವಲ್ಪ ಸ್ವಲ್ಪ ನಡೆಯಬೇಕು. ನೋವಿನ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟೇ, ಹೇಳಿದಷ್ಟು ದಿನವೇ ತೆಗೆದುಕೊಳ್ಳಬೇಕು. ಅಂಗಡಿಯವರು ಕೊಟ್ಟ ಮಾತ್ರೆ ನುಂಗಿ ಮೈದಾನಕ್ಕಿಳಿಯುವುದು ಹೊಗೆ ಕಾಣದಿರಲೆಂದು ಕಣ್ಣು ಮುಚ್ಚಿಕೊಂಡಂತೆ.

ಎರಡನೆಯದಾಗಿ, ಯಾವ ಭಂಗಿಯಲ್ಲಿ ನೋವು ಕಾಲಿನಿಂದ ಸೊಂಟದ ಕಡೆಗೆ ಹಿಂದೆ ಸರಿಯುತ್ತದೆ ಎಂಬುದನ್ನು ಹುಡುಕುವುದು. ಇದರ ಹಿಂದೊಂದು ಸ್ವಾರಸ್ಯವಾದ ಕತೆಯಿದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆಂಜಿ ಎಂಬ ಅಂಗಸಾಧನೆಯ ಚಿಕಿತ್ಸಕರ ಬಳಿಗೆ ಕಾಲುನೋವಿನ ರೋಗಿಯೊಬ್ಬರು ಬಂದರು. ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಅವರು ತಿಳಿಯದೆ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿತು. ಸ್ವಲ್ಪ ಹೊತ್ತಿನ ಮೇಲೆ ಮೆಕೆಂಜಿ ಗಾಬರಿಯಿಂದ ಬಂದು ನೋಡಿದರೆ, ವಾರಗಳಿಂದ ಬಿಡದ ಕಾಲುನೋವು ಬಿಟ್ಟಿದೆ ಎಂದು ರೋಗಿ ಹೇಳಿದರು! ಆ ಆಕಸ್ಮಿಕದಿಂದ ಒಂದು ಚಿಕಿತ್ಸಾಕ್ರಮವೇ ಹುಟ್ಟಿತು. ಬೋರಲು ಮಲಗುವುದು, ಬಳಿಕ ಮೊಣಕೈ ಊರಿ ಎದೆಯನ್ನೆತ್ತುವುದು ಅದರ ಮೊದಲ ಪಾಠ. ನೋವು ಸೊಂಟದ ಕಡೆಗೆ ಸರಿದರೆ ಶುಭಲಕ್ಷಣ. ಪಾದದ ಕಡೆಗೆ ಇಳಿದರೆ ಕೂಡಲೇ ನಿಲ್ಲಿಸಬೇಕು. ಎಲ್ಲರಿಗೂ ಒಂದೇ ಭಂಗಿ ಒಗ್ಗುವುದಿಲ್ಲವಾದುದರಿಂದ, ಇದನ್ನು ತಿಳಿದವರ ಮುಂದೆಯೇ ಆರಂಭಿಸಬೇಕು.

ಮೂರನೆಯದಾಗಿ, ಹೊಟ್ಟೆ, ಸೊಂಟ, ಪೃಷ್ಠದ ಸ್ನಾಯುಗಳನ್ನು ಬಲಪಡಿಸುವುದು. ಕೈಕಾಲೂರಿ ನಿಂತು ಎದುರು ಬದಿಯ ಒಂದು ಕೈ, ಒಂದು ಕಾಲನ್ನು ನೀಡುವುದು. ಮಗ್ಗುಲಾಗಿ ಮೊಣಕೈ ಮೇಲೆ ಮೈಯನ್ನೆತ್ತಿ ಹಿಡಿಯುವುದು. ಇಂತಹವು ಬೆನ್ನನ್ನು ಬಾಗಿಸದೆಯೇ ಬೆನ್ನಿಗೆ ಬೇಲಿ ಕಟ್ಟುತ್ತವೆ. ನಾವು ಶಾಲೆಯಲ್ಲಿ ನಿತ್ಯ ಮಾಡಿಸುತ್ತಿದ್ದ, ಕಾಲು ನೀಡಿ ಬೆರಳು ಮುಟ್ಟುವ ಬಾಗುವಿಕೆಯೂ ಗೆಳೆಯನನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವುದೂ ನೋವಿರುವ ಬೆನ್ನಿಗೆ ಹೇಳಿದ ವ್ಯಾಯಾಮಗಳಲ್ಲವೆಂದು ಅಂದು ತಿಳಿದು ತಲೆತಗ್ಗಿಸಿದೆವು. ರಾತ್ರಿ ಮಲಗಿದಾಗ ಬಿಲ್ಲೆಗಳು ನೀರನ್ನು ಹೀರಿ ಉಬ್ಬಿಕೊಳ್ಳುತ್ತವೆ. ಬೆಳಗ್ಗೆ ನಾವು ಒಂದಿಷ್ಟು ಎತ್ತರವಾಗಿರುವುದಕ್ಕೆ ಇದೇ ಕಾರಣ. ಆದುದರಿಂದ ಎದ್ದ ಮೊದಲ ಒಂದು ಗಂಟೆ ಬಾಗಿ ಭಾರವೆತ್ತಬಾರದು. ನಮ್ಮ ಹುಡುಗರು ಬಾಳೆಗೊನೆ ಹೊರುವುದು ಸರಿಯಾಗಿ ಆ ಗಂಟೆಯಲ್ಲಿಯೇ!

ನಾಲ್ಕನೆಯದಾಗಿ, ಆಟಕ್ಕೆ ಮರಳುವುದು. ನಡಿಗೆ, ಓಟ, ಯಾರೂ ಹಿಡಿಯದ ಅಭ್ಯಾಸ, ಕೊನೆಗೆ ಹಿಡಿತದ ಆಟ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದು ಮೆಟ್ಟಿಲಲ್ಲಿ ಕಾಲುನೋವು ಬಂದರೆ ಹಿಂದಿನದಕ್ಕೆ ಇಳಿಯಬೇಕು. ಸಡುಗುಡುವಿನ ದಾಳಿಗಾರನು ಬಾಗಿ, ತಿರುಗಿ, ಮೇಲೆ ನಾಲ್ವರು ಬಿದ್ದಿರುವಾಗಲೇ ಗೆರೆಯ ಕಡೆಗೆ ಚಾಚಬೇಕಾಗುತ್ತದೆ. ಬಿಲ್ಲೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಎರಡು ಕಾಲುಗಳ ಬಲವೂ ಸಮವಾಗಿ, ಬೆನ್ನು ಎಲ್ಲ ಕಡೆಗೂ ನೋವಿಲ್ಲದೆ ತಿರುಗುವವರೆಗೆ ಆ ಪರೀಕ್ಷೆಗೆ ಕಳುಹಿಸಬಾರದು.

ಬಹುಪಾಲು ರೋಗಿಗಳಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ನೋವು ಇಳಿಯುತ್ತದೆ. ಹದಿಹರೆಯದವರಿಗೆ ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅವರ ಎಲುಬಿನ ಅಂಚು ಇನ್ನೂ ಎಳೆಯದಾದ್ದರಿಂದ ಬಿಲ್ಲೆಯ ಜೊತೆಗೆ ಮೂಳೆಯ ಚೂರೊಂದು ಕಳಚಿರುವುದೂ ಉಂಟು. ಆಗ ದಾರಿ ಬೇರೆಯಾದೀತು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಬೇಕೆಂದು ಬೇಡುತ್ತೇವೆ. ನಾವು ಶಸ್ತ್ರಚಿಕಿತ್ಸೆಯ ವಿರೋಧಿಗಳಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿದು, ಅದರ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿಯುತ್ತವೆ. ಆ ಗೊಂಚಲು ಒತ್ತಿಹೋದರೆ ಮೂತ್ರ ಕಟ್ಟುತ್ತದೆ ಅಥವಾ ತಿಳಿಯದೆ ಹೋಗುತ್ತದೆ. ಮಲದ ಹಿಡಿತ ತಪ್ಪುತ್ತದೆ. ಸೈಕಲ್ಲಿನ ಸೀಟು ತಾಗುವ ಜಾಗ ಮರಗಟ್ಟುತ್ತದೆ. ಇವುಗಳಲ್ಲಿ ಒಂದು ಕಂಡರೂ ಅದೇ ಗಂಟೆಯಲ್ಲಿ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಕತ್ತಿಯೇ ಕಾಪಾಡುವುದು, ತಾಳ್ಮೆಯಲ್ಲ. ಪಾದ ಎತ್ತಲಾಗದೆ ನೆಲಕ್ಕೆ ಉಜ್ಜುತ್ತಿದ್ದರೆ, ಕಾಲಿನ ಬಲ ದಿನದಿನಕ್ಕೆ ಕುಂದುತ್ತಿದ್ದರೆ, ಆರೈಕೆ ಮಾಡಿಯೂ ವಾರಗಳು ಕಳೆದು ನೋವು ತಾಳಲಾರದಷ್ಟಿದ್ದರೆ, ಆಗಲೂ ಶಸ್ತ್ರಚಿಕಿತ್ಸಕರ ಮಾತನ್ನು ಕೇಳಲೇಬೇಕು.

ಆಟಗಾರನ ಸೊಂಟನೋವೆಲ್ಲ ಡಿಸ್ಕಿನದೂ ಅಲ್ಲ. ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರು ಸುಮಾರು ಒಂದು ವರುಷ ಆಟದಿಂದ ದೂರವಿದ್ದು 2023ರ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮರಳಿದರು. ಅವರಿಗಾದದ್ದು ಸೊಂಟದ ಮೂಳೆಯ ಒತ್ತಡದ ಬಿರುಕು. ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ ಇಂತಹ ಬಿರುಕಿನ ನೋವು ಹೆಚ್ಚುತ್ತದೆ. ಅಂತಹವರಿಗೆ ಮೇಲೆ ಹೇಳಿದ ಬೋರಲು ಭಂಗಿಯೇ ಹಾನಿ. ಇನ್ನು ಸಂಜೆಯ ಜ್ವರ, ಇಳಿಯುತ್ತಿರುವ ಮೈತೂಕ, ಮಲಗಿದಾಗಲೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಅದು ನಮ್ಮ ದೇಶದಲ್ಲಿ ಅಪರೂಪವಲ್ಲ, ಔಷಧದಿಂದ ಗುಣವಾಗುವಂಥದು. ಆದುದರಿಂದ ನೋವಿಗೆ ಹೆಸರಿಡುವ ಕೆಲಸ ವೈದ್ಯರದು. ನಮ್ಮದಲ್ಲ, ಎಲುಬು ಕಟ್ಟುವವನದೂ ಅಲ್ಲ.

ನಮ್ಮ ಜಿಲ್ಲೆಯವರು ಇದಕ್ಕಾಗಿ ಮದುರೆಗೇ ಓಡಬೇಕಾಗಿಲ್ಲ. ತೇನಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದಿಂಡಿಗಲ್ಲಿಗೂ ಈಗ ಅಂತಹುದೊಂದು ಬಂದಿದೆ. 2021ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಅಂಗಸಾಧನೆ ಹೇಳಿಕೊಡುವ ಏರ್ಪಾಡೂ ಉಂಟು. ಹಾಸಿಗೆ ಹಿಡಿದವರಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.

ಹುಡುಗನ ಕತೆಯನ್ನು ಮುಗಿಸಬೇಕಲ್ಲವೇ? ಮೊದಲ ಮೂರು ವಾರ ಅವನಿಗೆ ನರಕ. ವ್ಯಾಯಾಮದ ಚೀಟಿ ತಮಿಳಿನಲ್ಲಿತ್ತು; ಅವನು ಓದಿ ಹೇಳುತ್ತಿದ್ದರೆ, ಅವನ ಅಜ್ಜಿ ಬಾಗಿಲ ಬಳಿ ಕುಳಿತು ಕನ್ನಡದಲ್ಲಿ ಎಣಿಸುತ್ತಿದ್ದರು. ಎಣಿಕೆಯಲ್ಲಿ ಒಂದನ್ನೂ ಬಿಡಗೊಡುತ್ತಿರಲಿಲ್ಲ. ಅವನು ಸಿಡುಕಿದಾಗಲೆಲ್ಲ, “ತಾಳಿದವನು ಬಾಳಿಯಾನು, ಹತ್ತು ಆಗಲಿ ಮಗನೇ” ಎನ್ನುತ್ತಿದ್ದರಂತೆ. ಆರನೆಯ ವಾರಕ್ಕೆ ಕಾಲಿನ ಮಿಂಚು ಹೋಯಿತು. ಮೂರನೆಯ ತಿಂಗಳು ಓಡಿದನು. ಐದು ತಿಂಗಳ ಮೇಲೆ, ಪೊಂಗಲ್ ಕಳೆದು, ಮೈದಾನಕ್ಕೆ ಬಂದನು. ತೋಟದ ಪತ್ರ ಇಂದಿಗೂ ಅವರ ಮನೆಯ ಪೆಟ್ಟಿಗೆಯಲ್ಲಿಯೇ ಇದೆ. ಆದರೆ ಆ ವರುಷದ ಜಿಲ್ಲಾ ಆಯ್ಕೆ ಅವನ ಕೈತಪ್ಪಿತು. ಅದು ಮತ್ತೆ ಬರಲಿಲ್ಲ. ಈಗ ಅವನು ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಓದುತ್ತ ಕಾಲೇಜಿನ ತಂಡಕ್ಕೆ ಆಡುತ್ತಾನೆ. ನಮ್ಮನ್ನು ಕಂಡರೆ ಈಗಲೂ ನಗುತ್ತ ಕೈಮುಗಿಯುತ್ತಾನೆ. ಆ ನಗೆಯ ಮುಂದೆ ನಿಲ್ಲುವಾಗ ನಮಗೆ ಮುಲಾಮಿನ ಡಬ್ಬಿಯ ನೆನಪಾಗದೆ ಇರುವುದಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ನಿಯಮವಿದೆ. ಯಾವ ಮಗುವಾದರೂ ಸೊಂಟದಿಂದ ಕಾಲಿಗೆ ನೋವು ಇಳಿಯುತ್ತದೆ ಎಂದರೆ ಅಂದಿನ ಆಟ ಅಲ್ಲಿಗೆ ನಿಲ್ಲುತ್ತದೆ. ಪಂದ್ಯ ಯಾವುದೇ ಇರಲಿ, ಕಪ್ಪು ಎಷ್ಟೇ ದೊಡ್ಡದಿರಲಿ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೂ ಇಷ್ಟೇ. ಮಗು ನೋವೆಂದು ಹೇಳಿದಾಗ ಅದನ್ನು ಸೋಮಾರಿತನವೆನ್ನಬೇಡಿರಿ. ಹೊರೆಯನ್ನು ಇಬ್ಬರಿಗೆ ಹಂಚಿರಿ. ಚಿತ್ರವೊಂದನ್ನು ಕಂಡು ತೋಟವನ್ನು ಒತ್ತೆ ಇಡಬೇಡಿರಿ. ಎಚ್ಚರಿಕೆಯ ಲಕ್ಷಣ ಕಂಡಾಗ ಒಂದು ಗಂಟೆಯನ್ನೂ ಕಳೆಯಬೇಡಿರಿ. ಮುಂದಿನ ತಿಂಗಳು ಮತ್ತೆ ಓದಿನ ವಿಷಯದೊಂದಿಗೆ ತಮ್ಮನ್ನು ಕಾಣುತ್ತೇವೆ.